ನಿಲ್ಲಿಸೋ ಗಡಿಯಾರದ ಮೇಷ್ಟ್ರು

ಕನ್ನಡ ನಾಡಿನಲ್ಲಿ ವ್ಯಾಯಾಮ ಶಿಕ್ಷಕರು ಸಾವಿರಾರು ಮಂದಿ ಆಗಿಹೋಗಿದ್ದಾರೆ. ಸೀಟಿ ಊದಿದವರು, ಕವಾಯತು ಮಾಡಿಸಿದವರು, ಚೆಂಡನ್ನು ಬೀರುವಿನಲ್ಲಿಟ್ಟು ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡವರು, ಎಲ್ಲರಿಗೂ ನಮಸ್ಕಾರ. ಆದರೆ ತುಮಕೂರು ರಸ್ತೆಯ ಈ ಬದಿಯಲ್ಲಿ ಬರಿದೆ ‘ಮೇಷ್ಟ್ರು’ ಎಂದರೆ, ಯಶವಂತಪುರದಿಂದ ನೆಲಮಂಗಲದವರೆಗಿನ ಬಸ್ ಕಂಡಕ್ಟರುಗಳೆಲ್ಲ ಒಮ್ಮತದಿಂದ ಕೈತೋರಿಸುವುದು ಒಬ್ಬರನ್ನೇ: ದಾಸರಹಳ್ಳಿ ಗ್ರಾಮಸ್ಥರ ಪ್ರೌಢಶಾಲೆಯ ಶ್ರೀ ಎನ್. ದ್ವಾರಕಾನಾಥರನ್ನು. ಹದಿನೇಳು ವರ್ಷಗಳ ಸೇವೆ ಮುಗಿಸಿ, ಐವತ್ತೆಂಟು ತುಂಬಿ, ಅವರು ಈ ಮೇ ತಿಂಗಳಲ್ಲಿ ನಿವೃತ್ತರಾಗುತ್ತಿದ್ದಾರೆ. ಅವರ ಕುರಿತು ಇದ್ದದ್ದನ್ನು ಇದ್ದಂತೆ ಬರೆಯಬೇಕೆಂದು ಈ ಬೀಳ್ಕೊಡುಗೆ ಸಂಚಿಕೆಯ ಸಂಪಾದಕ ಮಂಡಲಿಯವರು ಎರಡು ಬಾರಿ ಎಚ್ಚರಿಸಿದ್ದಾರೆ. ಆದ್ದರಿಂದ ಇಲ್ಲಿ ಉತ್ಪ್ರೇಕ್ಷೆಯನ್ನು ಅಗತ್ಯಕ್ಕಿಂತ ಹೆಚ್ಚು ಬಳಸಿಲ್ಲ.

ಮೇಷ್ಟ್ರಾಗುವ ಮೊದಲು ದ್ವಾರಕಾನಾಥರು ಜಾಲಹಳ್ಳಿಯ ಒಂದು ದೊಡ್ಡ ಕಾರ್ಖಾನೆಯಲ್ಲಿ ಹದಿಮೂರು ವರ್ಷ ಅಧಿಕಾರಿಯಾಗಿದ್ದರು. ಅವರ ಕೆಲಸ ವಿಚಿತ್ರವಾದದ್ದು. ಎಡಗೈಯಲ್ಲಿ ಹಲಗೆ, ಹಲಗೆಗೆ ಸಿಕ್ಕಿಸಿದ ಕಾಗದ, ಬಲಗೈಯಲ್ಲಿ ಸ್ಟಾಪ್‌ವಾಚು. ಕೆಲಸಗಾರನ ಬೆನ್ನ ಹಿಂದೆ ನಿಂತು, ಒಂದು ಬಿಡಿಭಾಗ ತಯಾರಾಗಲು ಎಷ್ಟು ನಿಮಿಷ ಹಿಡಿಯುತ್ತದೆಂದು ಅಳೆದು ಬರೆಯುವುದು. ಅವರು ಬರೆದದ್ದೇ ಆ ಕೆಲಸಕ್ಕೆ ಕಾಯಂ ಲೆಕ್ಕವಾಗಿ, ನಿಮಿಷ ಹೆಚ್ಚಿದಷ್ಟೂ ದುಡಿತ ಹಗುರಾಗುತ್ತಿದ್ದುದರಿಂದ, ಅವರ ನೆರಳು ಬಾಗಿಲಲ್ಲಿ ಬಿದ್ದೊಡನೆ ಇಡೀ ವಿಭಾಗಕ್ಕೆ ಮುಪ್ಪು ಬಂದುಬಿಡುತ್ತಿತ್ತು. ಗಟ್ಟಿಮುಟ್ಟಾದ ಗಂಡಸರು ಸೊಂಟ ಹಿಡಿದುಕೊಳ್ಳುತ್ತಿದ್ದರು. ಗೋಡೆಯ ಹಲ್ಲಿ ಕೂಡ ಹುಳದ ಕಡೆಗೆ ಹೆಜ್ಜೆ ಎಣಿಸಿಕೊಂಡು ಹೋಗುತ್ತಿತ್ತು.

ಈ ಕಲೆಯಲ್ಲಿ ಲೇತ್ ಯಂತ್ರದ ಮುನಿಯಣ್ಣ ಚಕ್ರವರ್ತಿ. ಗಡಿಯಾರ ಕಂಡರೆ ಅವನು ಕಬ್ಬಿಣ ಕೊರೆಯುವ ಟೂಲ್ ಮಸೆಯಲು ಹೊರಟುಬಿಡುವನು. ಬಂದವನು ಆ ಕಬ್ಬಿಣದ ತುಂಡನ್ನು ಚೊಚ್ಚಲ ಮಗುವಿಗೆ ಎಣ್ಣೆ ಒತ್ತಿದಂತೆ ಒರೆಸುವನು. ಒರೆಸಿ, ಬೆಳಕಿಗೆ ಹಿಡಿದು, ನಿಟ್ಟುಸಿರು ಬಿಡುವನು. ಒಮ್ಮೆ ಅವನು ಒಂದು ಬೋಲ್ಟು ಮುಗಿಸುವಷ್ಟರಲ್ಲಿ ಎದುರು ಕಿಟಕಿಯಲ್ಲಿ ಗುಬ್ಬಚ್ಚಿಯೊಂದು ಗೂಡು ಕಟ್ಟಿ, ಮೊಟ್ಟೆಯಿಟ್ಟು, ಮರಿಗಳನ್ನು ಹಾರಿಸಿ ಕಳಿಸಿತ್ತು. ಈ ಲೇಖಕ ಪಕ್ಕದ ಯಂತ್ರದಲ್ಲಿದ್ದವನು, ಕಣ್ಣಾರೆ ಕಂಡದ್ದು.

ಸಂಬಳ ಆರುನೂರ ನಲವತ್ತು ರೂಪಾಯಿ, ವಾಸಕ್ಕೆ ಕಾರ್ಖಾನೆಯ ಕ್ವಾರ್ಟರ್ಸು, ಎರಡು ಹೊತ್ತೂ ನಲ್ಲಿ ನೀರು. ಇಷ್ಟಿದ್ದೂ ದ್ವಾರಕಾನಾಥರು ಕ್ಯಾಂಟೀನಿನ ಬೆಂಚಿನಲ್ಲಿ ಕುಳಿತರೆ ಬೆಂಚಿನ ಉಳಿದವರು ಎದ್ದುಹೋಗುತ್ತಿದ್ದರು. ಹದಿಮೂರು ವರ್ಷ ಅವರು ಕಂಡದ್ದು ಬರೀ ಬೆನ್ನುಗಳನ್ನು. ಆ ಕೆಲಸ ಮನೆಯವರೆಗೂ ಹಿಂಬಾಲಿಸಿತ್ತು: ಧರ್ಮಪತ್ನಿ ಸತ್ಯವತಿಯಮ್ಮನವರು ದೋಸೆ ಹುಯ್ಯುವಾಗ, ತಟ್ಟೆಯ ಮುಂದೆ ಕುಳಿತ ಇವರು ತಮಗರಿವಿಲ್ಲದೆ “ಒಂದು ನಿಮಿಷ ಐವತ್ತು” ಎಂದು ಗೊಣಗುತ್ತಿದ್ದರಂತೆ. ಆಕೆ ಕಾವಲಿಯ ಉರಿ ಇನ್ನಷ್ಟು ತಗ್ಗಿಸುತ್ತಿದ್ದರಂತೆ.

೧೯೭೨ರ ಜನವರಿಯಲ್ಲಿ ದಾಸರಹಳ್ಳಿ ಶಾಲೆಯ ಆಡಳಿತ ಸಮಿತಿಯ ಅಧ್ಯಕ್ಷರೂ ಊರಿನ ದೊಡ್ಡ ಒಕ್ಕಲೂ ಆದ ಹನುಮಂತರಾಯಪ್ಪನವರು ಕಾರ್ಖಾನೆಯ ಗೇಟಿಗೆ ಬಂದರು.

“ಸ್ಕೂಲ್ ಮಕ್ಳ ಓಟ ಐತೆ ಸ್ವಾಮಿ. ಆ ನಿಲ್ಲಿಸೋ ಗಡಿಯಾರ ಒಂದ್ ಮದ್ದಾನ ಕೊಟ್ರೆ, ಕಣ್ಣಾಗಿಟ್ಕೊಂಡು ತಂದ್ಕೊಡ್ತೀನಿ.”

ಗಡಿಯಾರ ತನ್ನ ಅಧಿಕಾರಿಯನ್ನು ಬಿಟ್ಟು ಗೇಟು ದಾಟುವಂತಿಲ್ಲವೆಂಬುದು ನಿಯಮ. ನೊಗ ಕೇಳಲು ಬಂದವನಿಗೆ ಎತ್ತನ್ನೂ ಹೊಡೆದು ಕಳಿಸಿದಂತೆ, ಗಡಿಯಾರದ ಜೊತೆಗೆ ದ್ವಾರಕಾನಾಥರನ್ನೂ ಕಳಿಸಿಕೊಟ್ಟರು.

ರಾಗಿ ಕೊಯ್ದು ಹಸನು ಮಾಡಿದ್ದ ಅಧ್ಯಕ್ಷರ ಹೊಲವೇ ಮೈದಾನ. ದ್ವಾರಕಾನಾಥರು ಅಭ್ಯಾಸಬಲದಿಂದ ಮೊದಲು ನೆಲವನ್ನು ಅಳೆದರು. ಊರು ವರ್ಷಾನುಗಟ್ಟಲೆ ನೂರು ಮೀಟರೆಂದು ಓಡಿ ಗೆದ್ದದ್ದು ತೊಂಬತ್ತೊಂದೇ ಮೀಟರೆಂದು ಗೊತ್ತಾಗಿ, ಹಳೆಯ ವಿಜೇತರ ಮುಖ ಸಪ್ಪಗಾಯಿತು. ಆಮೇಲೆ ಎಂಟನೆಯ ತರಗತಿಯ ಒಬ್ಬ ಹುಡುಗಿ ಬರಿಗಾಲಿನಲ್ಲಿ ಓಡಿ, ನೇರ ಅವರ ಬಳಿ ಬಂದು ಮುಳ್ಳು ಎಷ್ಟಕ್ಕೆ ನಿಂತಿದೆಯೆಂದು ಇಣುಕಿದಳು. ಹದಿನೇಳು ಸೆಕೆಂಡು.

“ಇನ್ನೊಂದ್ಸಲ ನೋಡಿ ಸಾರ್.”

ನೋಡಿದರು. ಮತ್ತೊಮ್ಮೆ ಎಂದಳು. ಹೀಗೆ ಏಳು ಸಲ. ಏಳನೆಯದಕ್ಕೆ ಮುಳ್ಳು ಹದಿನೈದೂವರೆಗೇ ನಿಂತಿತು.

“ಸಾಕು ಕಣಮ್ಮ, ಕೂತ್ಕೋ.”

“ನೀವು ನೋಡ್ತಿದ್ರೆ ಕಾಲು ತಾನೇ ಓಡ್ತದೆ ಸಾರ್.”

ಹೆಸರು ಕೇಳಿದರು: ಕೃಷ್ಣಮ್ಮ. ಯಾರ ಮಗಳೆಂದು ಕೇಳಿದರು. ಲೇತ್ ಮುನಿಯಣ್ಣನ ಮಗಳು. ದ್ವಾರಕಾನಾಥರು ಹೊಲದ ಬದುವಿನ ಮೇಲೆ ಹಾಗೆಯೇ ಕುಳಿತುಬಿಟ್ಟರು. ತಾವು ನೋಡಿದರೆ ನಿಧಾನವಾಗುವ ಜನರನ್ನು ಮಾತ್ರ ಕಂಡಿದ್ದ ಮನುಷ್ಯನಿಗೆ, ತಾವು ನೋಡಿದರೆ ವೇಗವಾಗುವ ಜನರೂ ಪ್ರಪಂಚದಲ್ಲಿದ್ದಾರೆಂದು ನಲವತ್ತೊಂದನೆಯ ವಯಸ್ಸಿನಲ್ಲಿ ತಿಳಿಯಿತು.

ಶಾಲೆಯ ಡ್ರಿಲ್ ಮೇಷ್ಟ್ರು ಆ ವರ್ಷವೇ ಬಿಟ್ಟುಹೋಗಿದ್ದರು. “ಆ ಜಾಗಕ್ ಬನ್ನಿ, ನೂರಾ ತೊಂಬತ್ತು ಕೊಡ್ತೀವಿ. ನಿಮ್ಗೆ ಯೋಳೋಕೆ ನಾಚ್ಕೆ ಆಯ್ತದೆ,” ಎಂದರು ಹನುಮಂತರಾಯಪ್ಪ. ಮಾರ್ಚಿನಲ್ಲಿ ದ್ವಾರಕಾನಾಥರು ರಾಜೀನಾಮೆ ಬರೆದು ಕೊಟ್ಟರು. ಕಾರ್ಖಾನೆಯ ಕಾನೂನಿನಂತೆ ಒಂದು ತಿಂಗಳೊಳಗೆ ಅದನ್ನು ಹಿಂತೆಗೆದುಕೊಳ್ಳಬಹುದಿತ್ತು. ಅವರು ಮನಸ್ಸಿನಲ್ಲಿ ಒಂದು ನಿಶ್ಚಯ ಮಾಡಿದ್ದರು: ಸತ್ಯವತಿ ಒಂದೇ ಒಂದು ಸಲ ಬೇಡವೆಂದರೂ ಕಾಗದ ವಾಪಸ್ಸು. ಕ್ವಾರ್ಟರ್ಸು ಬಿಡಬೇಕಾದವರು, ನಲ್ಲಿ ಬಿಟ್ಟು ಬಾವಿಗೆ ಹೋಗಬೇಕಾದವರು ಆಕೆಯೂ ತಾನೆ. ಆಕೆ ಬೇಡವೆನ್ನಲಿಲ್ಲ, ಬೇಕೆನ್ನಲಿಲ್ಲ, ಏನನ್ನೂ ಅನ್ನಲಿಲ್ಲ. ಮಾತಿಲ್ಲದ ಆ ದಿನಗಳಲ್ಲಿ ದ್ವಾರಕಾನಾಥರು ಎಂಟು ಕೆ.ಜಿ. ಇಳಿದರು; ಅಂಗಿಯೊಳಗೆ ಅವರನ್ನು ಹುಡುಕಬೇಕಾಗಿತ್ತು.

ಮಾತಾಡಲು ಬೇರೆಯವರು ಬಂದರು. ಮುನಿಯಣ್ಣನ ನಾಯಕತ್ವದಲ್ಲಿ ಲೇತ್ ವಿಭಾಗವೇ ಕ್ವಾರ್ಟರ್ಸಿನ ಮುಂದೆ ನೆರೆಯಿತು.

“ಹೋಗ್ಬೇಡಿ ಸಾರ್. ನಿಮ್ ಜಾಗಕ್ಕೆ ಯಾರೋ ಚುರುಕಾದೋನು ಬಂದ್ರೆ ನಮ್ ಗತಿಯೇನು?”

“ಅಂದ್ರೆ ನಾನು ದಡ್ಡ ಅಂತಲೇನೋ ಮುನಿಯಣ್ಣ?”

“ಅಂಗೆ ಬಾಯ್ಬಿಟ್ಟು ಯೋಳೋಕಾಯ್ತದಾ ಸಾರ್.”

“ನೀನು ಟೂಲ್ ಮಸೆಯೋಕೆ ಹೋದಾಗೆಲ್ಲ ನಾನು ಗಡಿಯಾರ ನಿಲ್ಲಿಸ್ತಾನೇ ಇರಲಿಲ್ಲ ಕಣಯ್ಯ. ಅಷ್ಟೂ ನಿಮಿಷ ನಿನ್ನ ಲೆಕ್ಕಕ್ಕೇ ಸೇರಿಸಿದೀನಿ. ನಿಂತು ನಿಂತು ನಿನ್ನ ಕಾಲು ಊದ್ಕೊಳ್ಳೋದು ನನಗೆ ಕಾಣ್ತಿರ್ಲಿಲ್ವಾ?”

ಹದಿಮೂರು ವರ್ಷ ಒಬ್ಬ ಮನುಷ್ಯನಿಗೆ ಮೋಸ ಮಾಡಿದೆವೆಂದು ಮೀಸೆ ತಿರುವಿದವರಿಗೆ, ಆತ ಗೊತ್ತಿದ್ದೂ ಸುಮ್ಮನಿದ್ದನೆಂದು ತಿಳಿದರೆ ಮೀಸೆಯನ್ನು ಎಲ್ಲಿಡಬೇಕೆಂದು ತೋಚುವುದಿಲ್ಲ. ಈ ಲೇಖಕನಿಗೂ ತೋಚಲಿಲ್ಲ. ಬಾಗಿಲ ಹಿಂದೆ ನಿಂತಿದ್ದ ಸತ್ಯವತಿಯಮ್ಮ ಎಲ್ಲರಿಗೂ ಕಾಫಿ ತಂದುಕೊಟ್ಟು, ಒಳಗೆ ಹೋದರು.

ಇಪ್ಪತ್ತೊಂಬತ್ತನೆಯ ದಿನ, ಭಾನುವಾರ, ಆಕೆ ಬಾಯಿ ತೆರೆದರು. “ಆ ಜಾಗ ಒಂದ್ಸಲ ನೋಡ್ಬೇಕು ಕಣ್ರೀ.”

ಬಸ್ಸಿನಲ್ಲಿ ಹೋದರು. ಹನುಮಂತರಾಯಪ್ಪನವರು ತಮ್ಮ ಹಿತ್ತಲ ಕಡೆಯ ಎರಡು ಅಂಕಣದ ಹೆಂಚಿನ ಮನೆ ತೋರಿಸಿದರು. ಸತ್ಯವತಿಯಮ್ಮ ಬಾವಿಯಿಂದ ಒಂದು ಕೊಡ ಸೇದಿ, ಅಂಗೈ ನೋಡಿಕೊಂಡು, ಕೊಡವನ್ನು ಕಟ್ಟೆಯ ಮೇಲಿಟ್ಟರು. ಆ ಅಂಗೈಯ ಕೆಂಪು ನೋಡಿ ದ್ವಾರಕಾನಾಥರು ಮನಸ್ಸಿನಲ್ಲೇ ಕಾಗದ ಹಿಂತೆಗೆದುಕೊಂಡಾಗಿತ್ತು. ಇನ್ನು ಹೊರಡೋಣವೆಂದು ಹೊಲದ ಬದಿಗೆ ಬಂದರೆ, ಅಲ್ಲಿ ಕೃಷ್ಣಮ್ಮ ಮತ್ತವಳ ಸೈನ್ಯ.

“ಸಾರ್‌ಗೆ ಬರೀ ಗುಂಡಿ ಒತ್ತೋಕೆ ಬರೋದು, ಓಡೋಕೆ ಬರಲ್ಲ,” ಎಂದಳು ಅವಳು, ಗೆಳತಿಯರಿಗೆ ಹೇಳುವಂತೆ, ಅವರಿಗೆ ಕೇಳುವಂತೆ.

ದ್ವಾರಕಾನಾಥರು ಪ್ಯಾಂಟು ಮಡಿಸಿದರು. ಅಂದಿನ ಓಟದಿಂದ ಎದ್ದ ಧೂಳು ಪೀಣ್ಯದಲ್ಲಿ ಒಣಗಹಾಕಿದ್ದ ಬಟ್ಟೆಯ ಮೇಲೆ ಕುಳಿತಿತೆಂದು ಪ್ರತೀತಿ. ಅರ್ಧ ದಾರಿಯಲ್ಲಿ ಹುಡುಗಿ ಇಪ್ಪತ್ತು ಮಾರು ಮುಂದಿದ್ದಳು; ಮುಕ್ಕಾಲು ದಾರಿಯಲ್ಲಿ ಅಧಿಕಾರಿಗಳು ಕಾಲಿಗೆ ಕಾಲು ತೊಡರಿ ಮಕಾಡೆ ಬಿದ್ದರು. ಮಕ್ಕಳು ಹೆದರಿ ಓಡಿಬಂದರೆ, ಅವರು ಮಣ್ಣಿನಲ್ಲಿ ಅಂಗಾತ ಹೊರಳಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಸತ್ಯವತಿಯಮ್ಮ ಬದುವಿನ ಮೇಲೆ ನಿಂತು ಬಹಳ ಹೊತ್ತು ನೋಡಿದರು. ಪಕ್ಕದಲ್ಲಿದ್ದ ಹನುಮಂತರಾಯಪ್ಪನವರಿಗೆ ಹೇಳಿದ ಮಾತು ಇದು: “ಮದುವೆಯಾಗಿ ಹನ್ನೆರಡು ವರ್ಷ. ಇವರ ಹಲ್ಲು ಇಷ್ಟು ನೆಟ್ಟಗಿದೆ ಅಂತ ನಂಗೆ ಇವತ್ತೇ ಗೊತ್ತಾಗಿದ್ದು. ಬಾವಿ ಹಗ್ಗ ಒಂದು ಹೊಸದು ಹಾಕಿಸ್ಕೊಡಿ.”

ಆ ಜೂನ್‌ನಲ್ಲಿ ಅವರು ದಾಸರಹಳ್ಳಿಯ ಮೇಷ್ಟ್ರಾದರು. ಮಾರನೆಯ ವರ್ಷ ಮಗಳು ಮೈನೆರೆದಳೆಂದು ಮುನಿಯಣ್ಣ ಶಾಲೆ ಬಿಡಿಸಲು ಬಂದ.

“ಚಡ್ಡಿ ಹಾಕ್ಕೊಂಡು ಓಡೋದಾ ನನ್ ಮಗ್ಳು? ಊರು ಉಗಿಯಲ್ವಾ ಸಾರ್?”

ಮೇಷ್ಟ್ರು ವಾದ ಮಾಡಲಿಲ್ಲ. ಸತ್ಯವತಿಯಮ್ಮ ಒಂದು ವಾರ ಕುಳಿತು ಒಂದು ಉಡುಪು ಹೊಲಿದರು. ನಿಂತರೆ ಲಂಗ, ಓಡಿದರೆ ಚಡ್ಡಿ. ಮುನಿಯಣ್ಣ ಅದನ್ನು ಹಿಂದೆ ಮುಂದೆ ತಿರುಗಿಸಿ, ಬೆಳಕಿಗೆ ಹಿಡಿದು, ನಿಟ್ಟುಸಿರು ಬಿಟ್ಟು ಒಪ್ಪಿದ. ಜಿಲ್ಲಾ ಪಂದ್ಯದಲ್ಲಿ ಕೃಷ್ಣಮ್ಮ ಎರಡನೆಯವಳಾಗಿ ಬಂದಳು. ಮೊದಲನೆಯವಳು ಗೆದ್ದದ್ದು ಬರೀ ಒಂದು ಮೂಗಿನಷ್ಟು, ಆ ಹುಡುಗಿಯ ಮೂಗು ಉದ್ದ. ಮುನಿಯಣ್ಣ ಬೇಲಿ ಹಾರಿ ಮಗಳ ಕಡೆಗೆ ಓಡಿದ್ದನ್ನು ಕಂಡು ಇಡೀ ಲೇತ್ ವಿಭಾಗ ಮೂರ್ಛೆ ಹೋಯಿತು. ಮುಂದೆ ಆ ಉಡುಪಿನ ಮಾದರಿಯಲ್ಲಿ ನೂರಾರು ಹೆಣ್ಣುಮಕ್ಕಳು ಓಡಿದರು. ಕೃಷ್ಣಮ್ಮ ಇಂದು ಹೂಡಿಯ ಶಾಲೆಯಲ್ಲಿ ವ್ಯಾಯಾಮ ಶಿಕ್ಷಕಿ.

ಎಲ್ಲವೂ ಹೂವಿನ ಹಾದಿಯಾಗಿತ್ತೆಂದು ಬರೆದರೆ ಅದು ನಿಜಕ್ಕೂ ಉತ್ಪ್ರೇಕ್ಷೆಯಾದೀತು. ಬೇಸಿಗೆಯಲ್ಲಿ ಬಾವಿ ಬತ್ತಿದ ವರ್ಷಗಳಿದ್ದವು. ಒಂದೇ ರೇಷ್ಮೆ ಸೀರೆ ಐದು ಮದುವೆ ಕಂಡಿತು. ಕಾರ್ಖಾನೆಯ ಹಳೆಯ ಸಹೋದ್ಯೋಗಿಗಳು ಸ್ಕೂಟರು ಕೊಂಡು ಬಂದು ಮಾತಾಡಿಸಿ ಹೋದ ಸಂಜೆ, ಮೇಷ್ಟ್ರು ಹೆಂಡತಿಯನ್ನು ಕೇಳಿದ್ದರಂತೆ: “ನಾನು ತಪ್ಪು ಮಾಡಿದ್ನೇನೆ?” ಆಕೆಯ ಉತ್ತರ: “ಮೊದಲು ಊಟ ಮಾಡಿ. ಹೊಟ್ಟೆ ತುಂಬಿದ ಮೇಲೂ ಹಾಗನ್ನಿಸಿದ್ರೆ ಕೇಳಿ.” ಊಟವಾಯಿತು. ಅವರು ಕೇಳಲಿಲ್ಲ.

ಕಳೆದ ತಿಂಗಳು ಸಮಿತಿಯ ಸಭೆಯಲ್ಲಿ ಹನುಮಂತರಾಯಪ್ಪನವರು ಊರುಗೋಲು ಹಿಡಿದು ಎದ್ದು ನಿಂತರು. ಇದು ಗ್ರಾಮಸ್ಥರ ಶಾಲೆ, ಪಿಂಚಣಿಯಿಲ್ಲ. “ಸಂಬ್ಳ ಕೊಡೋಕೆ ಕಾನೂನಿಲ್ಲ ಮೇಷ್ಟ್ರೇ. ಆದ್ರೆ ಗ್ರೌಂಡಿಗೆ ಬರಬ್ಯಾಡಿ ಅನ್ನೋ ಗಂಡಸು ಈ ಊರಾಗೆ ಉಟ್ಟಿಲ್ಲ.” ಬರುತ್ತೇನೆಂದು ಮೇಷ್ಟ್ರು ಅಲ್ಲೇ ಒಪ್ಪಿಬಿಟ್ಟರು, ಒಪ್ಪಿದ ಮೇಲೆ ಹೆಂಡತಿಯನ್ನು ಕೇಳಿಲ್ಲವೆಂದು ನೆನಪಾಗಿ, ಹೆಂಗಸರ ಸಾಲಿನ ಕಡೆಗೆ ಅಳುಕುತ್ತ ತಿರುಗಿದರು. ಸಭೆಯೂ ತಿರುಗಿತು.

“ಆರುನೂರು ಬರೋವಾಗ ಈ ಮನುಷ್ಯ ನಗ್ತಾನೇ ಇರಲಿಲ್ಲ. ನೂರಾ ತೊಂಬತ್ತಕ್ಕೆ ಇಳಿದ ಮೇಲೆ ನಗೋಕೆ ಶುರು ಮಾಡಿದ್ರು,” ಎಂದರು ಸತ್ಯವತಿಯಮ್ಮ. “ಈಗ ಸಂಬಳಾನೇ ಇಲ್ಲ ಅಂದ್ರೆ ಇವರನ್ನ ಹಿಡಿಯೋರ್ಯಾರು?”

ಶ್ರೀ ದ್ವಾರಕಾನಾಥರಿಗೂ ಶ್ರೀಮತಿ ಸತ್ಯವತಿಯಮ್ಮನವರಿಗೂ ಭಗವಂತನು ನೂರು ವರ್ಷಗಳ ಆಯುಸ್ಸನ್ನು ಕರುಣಿಸಲಿ. ಇಬ್ಬರಿಗೂ ಸೇರಿಸಿ ನೂರೆಂದು ದೇವರು ತಪ್ಪು ತಿಳಿಯಬಾರದು, ಒಬ್ಬೊಬ್ಬರಿಗೂ ನೂರು. ಜೂನ್ ಒಂದಕ್ಕೆ ಶಾಲೆ ತೆರೆಯುತ್ತದೆ. ಮೇಷ್ಟ್ರು ಬೆಳಗ್ಗೆ ಆರೂವರೆಗೆ ಮೈದಾನದಲ್ಲಿರುತ್ತಾರೆ.