ಕಾರ್ಗಲ್ ಕ್ಲಬ್ಬಿನಲ್ಲಿ ಮುಳುಗಿದ ಊರಿನ ಚಿತ್ರ

ಕಾರ್ಗಲ್ಲಿಗೆ ಬಂದ ಮೊದಲ ವಾರ, ಶಾಲೆ ಮುಗಿಸಿ ಬಂದವಳು ಚಪ್ಪಲಿ ಬಿಟ್ಟು ನೇರ ಅಡುಗೆಮನೆಗೆ ಹೋಗಿ ಬಿಂದಿಗೆಯಿಂದ ನೀರು ಬಗ್ಗಿಸಿಕೊಂಡು ಕುಡಿದೆ. ಆಮೇಲೆ ಗೋಡೆಯ ಮೇಲಿದ್ದ ಮುರುಗನ ಪಟ ಕಣ್ಣಿಗೆ ಬಿತ್ತು. ಅದು ನನ್ನ ಮನೆಯಾಗಿರಲಿಲ್ಲ. ಹಿತ್ತಲಿನಿಂದ ಬಂದ ಹೆಂಗಸು ತಮಿಳಿನಲ್ಲಿ ಏನೋ ಕೇಳಿದಳು. ಲೋಟ ಹಿಡಿದುಕೊಂಡೇ ಬೀದಿಗೆ ಓಡಿದ ನಾನು, ಅದನ್ನು ಹಿಂತಿರುಗಿಸಲು ಮತ್ತೆ ಆ ಮನೆಗೇ ಹೋಗಬೇಕಾಯಿತು.

ಶರಾವತಿ ವಿದ್ಯುತ್ ಪ್ರಾಜೆಕ್ಟಿನ ಕ್ವಾರ್ಟರ್ಸುಗಳು ಹಾಗೇ, ಒಂದರ ಪಕ್ಕ ಅಂಥದೇ ಇನ್ನೊಂದು. ಮೈಸೂರಿನಲ್ಲಿ ನಮ್ಮ ಬೀದಿಯ ಮನೆಗಳನ್ನು ಜಗುಲಿ ನೋಡಿಯೇ ಗುರುತಿಸುತ್ತಿದ್ದೆ. ಇಲ್ಲಿ ಎಲ್ಲರೂ ಎಲ್ಲಿಂದಲೋ ಬಂದವರು, ಪಂಜಾಬಿನವರು, ಮಲಯಾಳಿಗಳು, ಬಂಗಾಳಿಗಳು. ನಾನು ಪ್ರಾಜೆಕ್ಟಿನ ಮಕ್ಕಳ ಶಾಲೆಗೆ ಟೀಚರಾಗಿ ಒಬ್ಬಳೇ ಬಂದಿದ್ದೆ. ಭಾನುವಾರಗಳಲ್ಲಿ ಬಾಯಿ ತೆರೆದು ಮಾತಾಡದೆ ದಿನ ಕಳೆದುಹೋಗುತ್ತಿತ್ತು.

ಮಾತು ಕಲಿಸಿದವಳು ಶಾಲೆಯ ಆಯಾ ಮಂಜಮ್ಮ. ಹೊಸನಗರದ ಕಡೆಯವಳು. ಅವಳ ಊರು ಲಿಂಗನಮಕ್ಕಿ ಅಣೆಕಟ್ಟಿನ ನೀರಿಗೆ ಹೋದ ಮೇಲೆ ಸಂಸಾರ ಸಮೇತ ಕಾರ್ಗಲ್ಲಿನ ಆಚೆ ಒಂದು ಗುಡಿಸಲು ಹಾಕಿಕೊಂಡಿದ್ದಳು. ಪಾಠ ಹೇಳುವ ಹೆಂಗಸರನ್ನು ಇಲ್ಲಿ ‘ಅಕ್ಕೋರು’ ಎನ್ನುತ್ತಾರೆಂದೂ, ‘ಎಂತ’ ಎಂದರೆ ನಮ್ಮ ‘ಏನು’ ಎಂದೂ ತಿಳಿದದ್ದು ಅವಳಿಂದಲೇ. ಎಳೆಬಿದಿರಿನ ಕಳಲೆಯನ್ನು ನೀರು ಬದಲಿಸುತ್ತಾ ನೆನೆಸಿ ಪಲ್ಯ ಮಾಡುವುದನ್ನೂ ಕಲಿಸಿದಳು. ನಾನು ಮೊದಲ ಸಲ ಸರಿಯಾಗಿ ಮಾಡಿದ ದಿನ ತಿಂದು ನೋಡಿ, ಇನ್ನು ನೀವು ಇಲ್ಲಿ ಬದುಕ್ತೀರಿ ಅಂದಿದ್ದಳು.

ಆ ಚಳಿಗಾಲದಲ್ಲಿ ಪ್ರಾಜೆಕ್ಟಿನ ಕ್ಲಬ್ಬಿನಲ್ಲಿ ವಿದೇಶೀ ಚಿತ್ರಗಳ ಉತ್ಸವ ಮಾಡಬೇಕೆಂದು ಘೋಷ್ ಬಾಬು ಹಟ ಹಿಡಿದರು. ಕಲಕತ್ತೆಯಿಂದ ಬಂದಿದ್ದ ಈ ಇಂಜಿನಿಯರಿಗೆ ಸಿನಿಮಾದ ಹುಚ್ಚು. ಬಂದ ರೀಲುಗಳು ಆರು ಚಿತ್ರಗಳವು, ತೋರಿಸಲು ಇದ್ದದ್ದು ಮೂರೇ ಸಂಜೆ. ಆರಿಸಲು ಘೋಷ್ ಬಾಬು, ಕ್ಲಬ್ಬಿನ ಕಾರ್ಯದರ್ಶಿ, ಮತ್ತು ಇಂಗ್ಲಿಷ್ ಬಲ್ಲವಳೆಂದು ನಾನು. ಮೈಸೂರಿನಲ್ಲಿ ಅಣ್ಣ ಟಿಕೆಟ್ಟು ತಂದರೆ ಹೋಗುತ್ತಿದ್ದೆ, ಇಲ್ಲದಿದ್ದರೆ ಇಲ್ಲ. ಆರಿಸುವುದೆಂದರೇನೆಂದೇ ನನಗೆ ಗೊತ್ತಿರಲಿಲ್ಲ.

ಎರಡು ಚಿತ್ರಗಳು ಸುಲಭವಾಗಿ ಆಯ್ಕೆಯಾದವು. ಮೂರನೆಯದಕ್ಕೆ ಜಗಳ. ಯುರೋಪಿನ ಯಾವುದೋ ದೇಶದಲ್ಲಿ ಅಣೆಕಟ್ಟಿಗಾಗಿ ಒಂದು ಊರನ್ನು ಖಾಲಿ ಮಾಡಿಸುವ ಕಥೆ ಅದು. ಅದೇ ಬೇಕು ಅಂದರು ಘೋಷ್ ಬಾಬು. ಊರು ಕಳೆದುಕೊಂಡವರೂ ನೋಡಲು ಬರುತ್ತಾರೆ, ಅವರನ್ನು ನೋಯಿಸುವುದು ಬೇಡ, ಮದುವೆಯ ತಮಾಷೆಯ ಚಿತ್ರವನ್ನು ಹಾಕೋಣ ಅಂದರು ಕಾರ್ಯದರ್ಶಿ. ಇಬ್ಬರೂ ನನ್ನ ಮುಖ ನೋಡಿದರು. ನಾನು ಒಂದು ದಿನ ಕಾಲಾವಕಾಶ ಕೇಳಿದೆ.

ಮರುದಿನ ಮಂಜಮ್ಮನಿಗೆ ವಿಷಯ ಹೇಳಿ, ಇಂಥದ್ದನ್ನು ನೋಡಿದರೆ ನಿಮಗೆ ನೋವಾಗುವುದಿಲ್ಲವೇ ಎಂದು ಕೇಳಿದೆ.

ಅವಳು ಕೈಯಲ್ಲಿದ್ದ ಪೊರಕೆಯನ್ನು ಗೋಡೆಗೆ ಒರಗಿಸಿದಳು. “ನೋವಾದ್ರೆ ಆಗ್ಲಿ ಅಕ್ಕೋರೇ. ಆ ಊರೋರು ಕಡೀಗೆ ಎಲ್ಲಿಗೆ ಹೋದ್ರು, ಎಂತ ಮಾಡ್ಕಂಡ್ರು, ಅದನ್ನ ನಾ ನೋಡ್ಬೇಕು.”

ಮೂರನೆಯ ಚಿತ್ರ ಅದೇ ಆಯಿತು.

ಆ ಸಂಜೆ ಮುಂದಿನ ಕುರ್ಚಿಗಳಲ್ಲಿ ಅಧಿಕಾರಿಗಳ ಸಂಸಾರಗಳು, ಹಿಂದೆ ಚಾಪೆಗಳ ಮೇಲೆ ಉಳಿದವರು. ಕಥೆ ಹೇಳಬೇಕಲ್ಲ ಎಂದು ನಾನೂ ಚಾಪೆಯ ಮೇಲೆ ಮಂಜಮ್ಮನ ಪಕ್ಕ ಕೂತು, ತೆರೆಯ ಕೆಳಗಿನ ಇಂಗ್ಲಿಷ್ ಸಾಲುಗಳನ್ನು ಮೆಲ್ಲಗೆ ಕನ್ನಡದಲ್ಲಿ ಹೇಳುತ್ತಿದ್ದೆ. ಸ್ವಲ್ಪ ಹೊತ್ತಿನಲ್ಲಿ ಅದು ಬೇಕಾಗಲಿಲ್ಲ. ಚಿತ್ರದ ಮುದುಕನೊಬ್ಬ ಮನೆಯ ಬಾಗಿಲನ್ನು ಕಿತ್ತು ಗಾಡಿಗೆ ಹೇರಿದಾಗ, ನಾವೂ ಬಾಗ್ಲು ತಂದ್ವಿ ಅಂತ ಅವಳೇ ನನಗೆ ಹೇಳಿದಳು.

ಆಮೇಲೆ ಊರು ಖಾಲಿಯಾಯಿತು. ಅಣೆಕಟ್ಟು ಎದ್ದು ನಿಂತಿತು. ವಾದ್ಯಗಳು ಮೊಳಗಿ, ಅದರ ಬಾಗಿಲುಗಳಿಂದ ನೀರು ಬಿಳಿಯಾಗಿ ಧುಮುಕಿತು. ಮುಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು, ಹಿಂದೆಯೇ ಸಭೆಯೆಲ್ಲ ತಟ್ಟಿತು. ವಾರ್ತಾಚಿತ್ರದಲ್ಲಿ ಅಣೆಕಟ್ಟು ಬಂದರೆ ಕ್ಲಬ್ಬಿನಲ್ಲಿ ತಟ್ಟುವುದು ರೂಢಿ. ಹತ್ತಿರದಲ್ಲೇ ಜೋರಾಗಿ ಕೇಳುತ್ತಿದ್ದ ಸದ್ದು ನನ್ನ ಕೈಗಳದ್ದೆಂದು ನನಗೆ ತಡವಾಗಿ ತಿಳಿಯಿತು. ಮಂಜಮ್ಮನ ಕಿವಿಯ ಪಕ್ಕದಲ್ಲೇ ತಟ್ಟುತ್ತಿದ್ದೆ.

ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡೆ. ಅವಳು ನನ್ನ ಕಡೆ ತಿರುಗಲಿಲ್ಲ. ತಿರುಗಿ ಒಂದು ಮಾತು ಅಂದಿದ್ದರೆ ಚೆನ್ನಾಗಿತ್ತು. ತೆರೆಯ ಮೇಲೆ ನೀರು ಏರುತ್ತಾ ಹೋಯಿತು. ಚಿತ್ರ ಅಲ್ಲಿಗೇ ಮುಗಿಯಿತು.

ದೀಪ ಹಾಕಿದರು. “ಅವ್ರು ಎಲ್ಲಿಗೆ ಹೋದ್ರು?” ಎಂದು ಮಂಜಮ್ಮ ಕೇಳಿದಳು.

“ತೋರಿಸಲಿಲ್ಲ ಮಂಜಮ್ಮ.”

“ತೋರ್ಸಲ್ಲ ಬಿಡಿ,” ಅಂದು ಎದ್ದಳು.

ಘೋಷ್ ಬಾಬು ಚಿತ್ರದ ಬಗ್ಗೆ ಚರ್ಚೆ ಶುರುಮಾಡಿ ನನ್ನ ಅಭಿಪ್ರಾಯ ಕೇಳಿದರು. ತಲೆನೋವೆಂದು ಹೇಳಿ ಹೊರಗೆ ಬಂದುಬಿಟ್ಟೆ. ಮಂಜಮ್ಮ ಲಾಟೀನು ಹಚ್ಚಿಕೊಳ್ಳುತ್ತಿದ್ದಳು. ಅವಳಿದ್ದ ಕಡೆಗೆ ಕರೆಂಟು ಬಂದಿರಲಿಲ್ಲ. ನಾನು ಬಂದು ವರ್ಷವಾಗುತ್ತ ಬಂದಿತ್ತು, ಅವಳಿಂದ ಅಡುಗೆ ಕಲಿತೆ, ಮಾತು ಕಲಿತೆ, ಮುಳುಗಿದ ಅವಳ ಊರಿನ ಹೆಸರೇನೆಂದು ಮಾತ್ರ ಕೇಳಿರಲಿಲ್ಲ. ಕೇಳಿದೆ. ನಾಚಿಕೆಯಿಂದ ದನಿ ತಗ್ಗಿಸಿದ್ದೆ, ಅವಳಿಗೆ ಕೇಳಿಸದೆ ಎರಡನೆಯ ಸಲ ಕೇಳಬೇಕಾಯಿತು.

“ನೇರಲಸರ,” ಅಂದಳು. “ಯಾಕೆ ಅಕ್ಕೋರೇ?”

ಸುಮ್ಮನೆ ಅಂದೆ. ಮರುದಿನ ಶಾಲೆಯಲ್ಲಿ ಅವಳು ಎಂದಿನಂತೆ ಮಾತಾಡಿಸಿದಳು. ಅವಳ ಎದುರು ಬರೆಯುವಾಗಲೂ ನನಗೆ ಚಪ್ಪಾಳೆ ತಟ್ಟಿದ ಆ ಕೈಗಳನ್ನು ಮರೆಮಾಡಬೇಕೆನಿಸುತ್ತಿತ್ತು.

ಬೇಸಿಗೆ ರಜೆಗೆ ಮೈಸೂರಿಗೆ ಹೋದೆ. ನಂಟರು ನನ್ನನ್ನು ಕಾರ್ಗಲ್ಲಿನವಳು ಎಂದು ಛೇಡಿಸಿದರು. ಕಾರ್ಗಲ್ಲಿನಲ್ಲಿ ನಾನು ಮೈಸೂರಿನ ಅಕ್ಕೋರು. ನಾನಂತೂ ನಮ್ಮೂರೆಂದರೆ ಮೈಸೂರೆಂದೇ ತಿಳಿದು ಬಂದಿದ್ದೆ. ಸಂಜೆ ಅಮ್ಮ ಎಂದಿನಂತೆ ದೇವರಿಗೆ ದೀಪ ಹಚ್ಚಿ, ಆಮೇಲೆ ನಡುಮನೆಯ ಸ್ವಿಚ್ಚು ಒತ್ತಿದಳು. ಈಗೀಗ ಕರೆಂಟು ಹೋಗುವುದೇ ಇಲ್ಲ, ಎಲ್ಲ ನಿಮ್ಮ ಶರಾವತಿಯ ಪುಣ್ಯ ಅಂದಳು. ನಾನು ಬುಟ್ಟಿ ತಗುಲಿಸಿಕೊಂಡು ಪೇಟೆಯ ಕಡೆ ಹೊರಟೆ. ಬೀದಿಯುದ್ದಕ್ಕೂ ಮನೆಮನೆಯಲ್ಲೂ, ನೇರಲಸರವನ್ನು ಮುಳುಗಿಸಿದ ನೀರಿನದೇ ಬೆಳಕು ಹತ್ತಿಕೊಳ್ಳುತ್ತಿತ್ತು. ನಾನು ಹುಟ್ಟಿದ ಬೀದಿ, ಯಾವ ಮನೆ ಯಾರದೆಂದು ಕಣ್ಣು ಮುಚ್ಚಿ ಹೇಳಬಲ್ಲೆ. ಆದರೂ ಅಲ್ಲಿ ತಲೆಯೆತ್ತಿ ನಡೆಯಲು ನನ್ನಿಂದಾಗಲಿಲ್ಲ.