ಹಳ್ಳದಲ್ಲಿ ಎಳೆದ ನಾಲ್ಕು ಜೋಡಿ

ತಳಕಲ್ಲು ಊರಿನ ಹಂಪವ್ವ ಗಂಡ ತೀರಿಕೊಂಡ ವರ್ಷವೇ ನೇಗಿಲು ಹಿಡಿದವಳು. ಎರೆಮಣ್ಣಿನ ಹೊಲದಲ್ಲಿ ಕರಿಕೆ ಹುಲ್ಲಿನ ಬೇರು ಆಳಕ್ಕಿಳಿದರೆ ಒಂದು ಜೋಡಿ ಎತ್ತಿನ ಬಲ ಸಾಲದು. ನಾಲ್ಕು ಜೋಡಿಗಳನ್ನು ಒಂದರ ಮುಂದೊಂದು ಸರಪಳಿಗೆ ಕಟ್ಟಿ ದೊಡ್ಡ ಕಬ್ಬಿಣದ ನೇಗಿಲು ಎಳೆಸಬೇಕು. ಯಾವ ಜೋಡಿ ಮುಂದಿರಬೇಕು, ಯಾವುದು ಹಿಂದೆ ಎಂಬುದು ಅವಳಷ್ಟು ಯಾರಿಗೂ ತಿಳಿಯದು. ಆದರೆ ಹೆಂಗಸು ಮುಂದೆ ನಿಂತು ಹೇಳುವುದು ಹಿರಿಯ ಒಕ್ಕಲಿಗ ಹನಮಪ್ಪನಿಗೆ ಸೇರದು.

1943ರ ಮಳೆಗಾಲ. ಹತ್ತಿಯ ಬೀಜ ಬಿಡಿಸುವ ಜಿನ್ನು ಯಂತ್ರದ ಕಬ್ಬಿಣದ ಗಾಲಿ ಹೇರಿಕೊಂಡು ಸ್ಟೇಷನ್ನಿನಿಂದ ಬರುತ್ತಿದ್ದ, ಊರಿನ ಬಾಡಿಗೆ ಬಂಡಿಯ ಟಿಪ್ಪುಸಾಬನ ಬಂಡಿ ಹಳ್ಳದ ಕೆಸರಲ್ಲಿ ಹೂತಿತು. ಚಕ್ರಕ್ಕೆ ಕಲ್ಲು ಕೊಡಲು ಇಳಿದವನ ಕಾಲ ಮೇಲೆ ಬಂಡಿ ಹಿಂದೆ ಸರಿದು ಕೂತಿತು. ಓಡಿಬಂದ ಊರವರು ಬಂಡಿ ಎತ್ತಲು ಹಾಕಿದ ಮರದ ತೊಲೆ ಮುರಿಯಿತು. ಮೇಲೆಲ್ಲೋ ಮಳೆಯಾಗಿ ಹಳ್ಳಕ್ಕೆ ಕೆಂಪು ಹೊಸನೀರು ಏರುತ್ತಿತ್ತು. ನೀರು ಅವನ ಸೊಂಟಕ್ಕೆ ಬಂತು.

ಹನಮಪ್ಪ ಬಂಡಿಯ ಎತ್ತು ಬಿಚ್ಚಿಸಿ, ಊರಿನ ಮೂರು ಜೋಡಿ ಕಟ್ಟಿಸಿ ಬಾರುಕೋಲು ಬೀಸಿದ. ಎತ್ತುಗಳು ಕೆಸರಲ್ಲಿ ಜಾರಿ ಒಂದೊಂದು ದಿಕ್ಕಿಗೆ ಜಗ್ಗಿದವು. ಬಂಡಿ ಅಲುಗಿದಾಗ ಟಿಪ್ಪುಸಾಬ ಚೀರಿದ.

ಹಂಪವ್ವ ತನ್ನ ಜೋಡಿಯನ್ನು ಹೊಡೆದುಕೊಂಡು ಓಡಿಬಂದಳು.

"ಹೊಡೀಬ್ಯಾಡ್ರಿ! ಕಾಲ ಊರಾಕ ನೆಲಾನ ಇಲ್ಲ, ಹ್ಯಾಂಗ ಜಗ್ಗತಾವ? ಇನ್ನೊಂದು ಸರಪಳಿ ಕೂಡಸ್ರಿ. ಎತ್ತು ದಂಡಿ ಮ್ಯಾಲ ಗರಸಿನ ಗಟ್ಟಿ ನೆಲದಾಗ ನಿಂದ್ರಲಿ."

"ಅಷ್ಟೊತ್ತಿಗೆ ನೀರು ಕುತ್ತಿಗಿಗೆ ಬರ್ತೈತಿ," ಎಂದ ಹನಮಪ್ಪ.

"ಬಂಡಿ ಹಿಂದ ಸರಿದ್ರ ಅವನ ಕಾಲ ಹಿಟ್ಟಾಗ್ತೈತಿ, ಕಾಕಾ. ಜಲ್ದಿ ಕಟ್ರಿ!"

ಕಟ್ಟಿದರು. ನಿಧಾನದ ತನ್ನ ಜೋಡಿಯನ್ನು ಬಂಡಿಯ ಹತ್ತಿರ ಹೂಡಿ, ಚುರುಕಿನವನ್ನು ಮುಂದಿಟ್ಟಳು. ನೀರು ಟಿಪ್ಪುಸಾಬನ ಎದೆ ಮುಟ್ಟಿತ್ತು.

"ಮೊದಲು ಸರಪಳಿ ಬಿಗಿ ಆಗ್ಲಿ. ನಿಂದ್ರಸ್ರಿ... ಈಗ, ಹೋ!"

ಎಂಟು ಕೊರಳು ಒಟ್ಟಿಗೆ ಬಗ್ಗಿದವು. ಚಕ್ರ ಒಂದು ಗೇಣು ಮೇಲೆದ್ದಿತು. ಇಬ್ಬರು ಟಿಪ್ಪುಸಾಬನ ಕಂಕುಳಿಗೆ ಕೈ ಹಾಕಿ ಎಳೆದರು. ಅವನು ಈಚೆ ಬಂದ ಕ್ಷಣದಲ್ಲೇ ಸರಪಳಿ ಹರಿದು ಬಂಡಿ ಹಿಂದಕ್ಕುರುಳಿತು. ಹಂಪವ್ವನ ಬಲಗಡೆಯ ಎತ್ತು ಮುಗ್ಗರಿಸಿ, ಮುಂಗಾಲು ಮುರಿದುಕೊಂಡಿತು.

ಟಿಪ್ಪುಸಾಬ ಕುಂಟುತ್ತಲೇ ಬದುಕಿದ. ಎತ್ತು ಎಂಟು ದಿನಕ್ಕೆ ಸತ್ತಿತು. ಹಂಪವ್ವ ಎರಡು ದಿನ ಒಲೆ ಹಚ್ಚಲಿಲ್ಲ.

ಎತ್ತು ಸತ್ತ ಮೂರನೆಯ ದಿನ ಹನಮಪ್ಪ ತನ್ನದೊಂದು ಎತ್ತನ್ನು ಹೊಡೆದುಕೊಂಡು ಬಾಗಿಲಿಗೆ ಬಂದ.

"ಉಳಿದ ಎತ್ತಿಗೆ ಇದನ್ನ ಜೋಡಿ ಮಾಡ್ಕೋ, ತಂಗಿ."

"ಬ್ಯಾಸಗ್ಯಾಗ ಕರಿಕಿ ಕೀಳಾಕ ಮುಂದ ಯಾರು ನಿಂದ್ರತಾರ, ಕಾಕಾ?"

ಹನಮಪ್ಪ ನೆಲ ನೋಡುತ್ತ ಹಗ್ಗವನ್ನು ಅವಳ ಕೈಗಿಟ್ಟ. "ನೀನ ನಿಂದ್ರು."