ಪಿನ್ನಿಯ ಎರೆ ಉಂಡೆ

ಮೊನ್ನೆ ಬೆಳಗ್ಗೆ ನಮ್ಮ ಅಪಾರ್ಟ್‌ಮೆಂಟಿನಲ್ಲಿ ದೊಡ್ಡ ಗಲಾಟೆ. ಮೇಲಿನ ಮನೆಯವರು ತಾರಸಿಯ ಗಿಡಗಳಿಗೆಂದು ಕಡಲೆಕಾಯಿ ಹಿಂಡಿಯನ್ನು ಬಕೆಟ್ಟಿನಲ್ಲಿ ನೆನೆಹಾಕಿ ಮರೆತುಬಿಟ್ಟಿದ್ದರಂತೆ. ಅದು ಹುಳಿತು ನೊರೆಯೆದ್ದು, ವಿಶಾಖಪಟ್ಟಣದ ಎಂವಿಪಿ ಕಾಲೋನಿಯ ನಮ್ಮ ಬೀದಿಗೆಲ್ಲ ನಾತ ಹಬ್ಬಿಸಿತ್ತು. ಎಲ್ಲರೂ ಮೂಗು ಮುಚ್ಚಿಕೊಂಡು ಬೈಯುತ್ತಿದ್ದರೆ ನಾನೊಬ್ಬಳು ಬಾಗಿಲಲ್ಲಿ ನಿಂತು ಆ ವಾಸನೆಯನ್ನು ಎದೆತುಂಬ ಎಳೆದುಕೊಂಡೆ. ಇವಳಿಗೇನಾಯಿತು ಅನ್ನುವ ಹಾಗೆ ಯಜಮಾನರು ನೋಡಿದರು. "ಪಿನ್ನಿ..." ಎಂದೆ. ಅವರಿಗೆ ಅಷ್ಟು ಸಾಕಾಯಿತು.

ಪಿನ್ನಿ ಅಂದರೆ, ವಿಜಯವಾಡದಲ್ಲಿ ನಾವು ಬಾಡಿಗೆಗಿದ್ದ ಮನೆಯ ಒಡತಿ. ಎಂಬತ್ತರ ದಶಕದ ಕೊನೆಯಲ್ಲಿ ಯಜಮಾನರಿಗೆ ಬ್ಯಾಂಕಿನಲ್ಲಿ ವರ್ಗವಾಗಿ ಹಾಸನದಿಂದ ಅಲ್ಲಿಗೆ ಹೋಗಿದ್ದೆವು. ಆಕೆ ಬಳ್ಳಾರಿಯ ಹೆಣ್ಣು. ರೈಲ್ವೆಯಲ್ಲಿದ್ದ ತೆಲುಗಿನವರ ಕೈಹಿಡಿದು ಅಲ್ಲೇ ಬೇರೂರಿದವರು. ಓಣಿಯವರೆಲ್ಲ ಚಿಕ್ಕಮ್ಮ ಎಂಬ ಅರ್ಥದಲ್ಲಿ ಪಿನ್ನಿ ಅನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಮಧ್ಯಾಹ್ನದ ಕೆಲಸ ಮುಗಿದರೆ ಸಾಕು, ಸೆರಗು ಸಿಕ್ಕಿಸಿ, ಗಾಳದ ಬಿದಿರು ಗಳವನ್ನು ಹೆಗಲಿಗೇರಿಸಿ ಹಿತ್ತಲಾಚೆಯ ಕಾಲುವೆಗೆ ಮೀನು ಹಿಡಿಯಲು ಹೊರಟೇಬಿಡುತ್ತಿದ್ದರು. ನೋಡಿದವರು ಕಿಸಕ್ಕೆಂದರೆ ಆಕೆ ಇನ್ನೂ ಜೋರಾಗಿ ನಗುತ್ತಿದ್ದರು.

ಗಾಳಕ್ಕೆ ಎರೆಹುಳು ಸಿಕ್ಕಿಸುವುದು ಆಕೆಯ ಲೆಕ್ಕದಲ್ಲಿ ಸೋಮಾರಿಗಳ ಕೆಲಸ. ಹುಳಿಸಿದ ಹಿಂಡಿಗೆ ಹುರಿದ ತೌಡು, ತಾಳೆಬೆಲ್ಲ, ಇಂಗು ಸೇರಿಸಿ ಉಂಡೆ ಕಟ್ಟುತ್ತಿದ್ದರು. ಅತ್ತಿಹಣ್ಣಿನ ಕಾಲದಲ್ಲಿ ಅತ್ತಿಹಣ್ಣು. ಒಮ್ಮೆ ಮಾವಿನ ಮರದಿಂದ ಕೆಂಪಿರುವೆಯ ಗೂಡು ಇಳಿಸಿ ಅದರ ಮೊಟ್ಟೆಗೆ ಕೈಹಾಕಿದಾಗ ಇರುವೆಗಳು ಸೀರೆಯೊಳಗೆ ಹೊಕ್ಕು, ಆಕೆ ಅಂಗಳದಲ್ಲಿ ಕುಣಿದ ಕುಣಿತ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಅಷ್ಟಾದರೂ ಮೊಟ್ಟೆಯ ಡಬ್ಬಿ ಮಾತ್ರ ಕೈಬಿಟ್ಟಿರಲಿಲ್ಲ.

ಆ ವರ್ಷ ಊರಿನಲ್ಲಿ ನಮ್ಮತ್ತೆ ತೀರಿಕೊಂಡರು. ಮಾವನವರನ್ನು ನಮ್ಮ ಜೊತೆಗೇ ಕರೆತಂದೆವು. ಬಂದವರು ಜಗಲಿಯ ಕುರ್ಚಿಯಲ್ಲಿ ಕೂತರು, ಅಷ್ಟೇ. ಮಾತಿಲ್ಲ. ಎರಡು ತುತ್ತು ತಿಂದು ತಟ್ಟೆ ಸರಿಸುತ್ತಿದ್ದರು. ಊರಿಂದ ತಂದ ರಾಗಿಹಿಟ್ಟಿನಲ್ಲಿ ಮುದ್ದೆ ಮಾಡಿಟ್ಟರೂ ಅದೇ ಕತೆ. ದೇಹಕ್ಕೇನೂ ಆಗಿಲ್ಲ ಅಂದರು ಡಾಕ್ಟರು. ಆದರೆ ಅಂಗಿ ದಿನದಿನಕ್ಕೆ ದೊಗಳೆಯಾಗುತ್ತಿತ್ತು. ಕಣ್ಣೆದುರೇ ಈ ಮನುಷ್ಯ ಕರಗಿಹೋಗುತ್ತಾರೆ ಅಂತ ನನಗೆ ಜೀವವೇ ಹಾರಿಹೋಗಿತ್ತು.

ಪಿನ್ನಿ ಸಮಾಧಾನದ ಮಾತೊಂದನ್ನೂ ಆಡಲಿಲ್ಲ. ಹಿಂಡಿಯ ಪಾತ್ರೆ ತಂದು ಮಾವನವರ ಕುರ್ಚಿಯೆದುರೇ ಕೂತು ಕಲಸತೊಡಗಿದರು. "ಅಣ್ಣಯ್ಯಾ, ನಿಮ್ಮ ಕಡೆ ಹೊಳಿ ಮೀನಿಗೆ ಏನ್ ಹಾಕ್ತೀರಿ?" ಮರುದಿನವೂ ಕೇಳಿದರು, ಆಮೇಲೂ ಕೇಳಿದರು. ಒಂದು ದಿನ, "ಹಾಸನದೋರಿಗೆ ಮೀನು ಹಿಡಿಯೋಕೇ ಬರಂಗಿಲ್ಲ ಬಿಡ್ರಿ," ಅಂದುಬಿಟ್ಟರು.

"ನಾವು ರಾಗಿ ಮುದ್ದೆ ಹಾಕದು," ಎಂದಿತು ಕುರ್ಚಿ. "ಹೇಮಾವತಿ ಮೀನು ಅದುಕ್ಕೇ ಬರದು."

ಅಡುಗೆಮನೆಯಲ್ಲಿ ನಾನು ಸೌಟು ಹಿಡಿದು ಹಾಗೇ ನಿಂತುಬಿಟ್ಟೆ.

ಅಂದೇ ಮುದ್ದೆ ಮಾಡಿಕೊಟ್ಟೆ. ಊಟಕ್ಕೆ ಮಾಡುವ ಹಾಗೆ, ಬೆಣ್ಣೆಯಂತೆ ಮೆತ್ತಗೆ. ಮಾವನವರು ಪಿನ್ನಿಯ ಹಿಂದೆ ಕಾಲುವೆಗೆ ಹೋಗಿ ಗಾಳಕ್ಕೆ ಸಿಕ್ಕಿಸಿ ಬಿಟ್ಟದ್ದೇ ತಡ, ನೀರಿನಲ್ಲಿ ಕರಗಿ ಕಂದು ಮೋಡವಾಯಿತು.

"ಮೀನಿಗೆ ಹಲ್ಲಿಲ್ಲಂತ ಮೆತ್ತಗೆ ಮಾಡೀರೇನು!" ಪಿನ್ನಿ ಹೊಟ್ಟೆ ಹಿಡಿದು ನಕ್ಕರು. ಆಮೇಲೆ ತಮ್ಮ ಪರೀಕ್ಷೆ ಹೇಳಿಕೊಟ್ಟರು. ಉಂಡೆಯನ್ನು ಒಂದು ಚೊಂಬು ನೀರಿಗೆ ಬಿಟ್ಟು ಕಾಫಿ ಕುಡಿಯಬೇಕು. ಕುಡಿದು ಮುಗಿಸುವ ಹೊತ್ತಿಗೂ ನೀರು ತಿಳಿಯಾಗಿದ್ದರೆ ಅದು ಎರೆ, ಇಲ್ಲದಿದ್ದರೆ ಅಂಬಲಿ.

ಮಾವನವರಿಗೆ ಕೋಪ ನೆತ್ತಿಗೇರಿತ್ತು. ಹೆಂಡತಿ ಇರುವ ತನಕ ಒಲೆ ಹೊತ್ತಿಸಿಯೂ ಗೊತ್ತಿರದ ಮನುಷ್ಯ, ಮರುದಿನ ಬೆಳಗ್ಗೆ ನನ್ನನ್ನು ಅಡುಗೆಮನೆಯಿಂದ ಆಚೆ ಕಳಿಸಿದರು. ಗಟ್ಟಿ ಮುದ್ದೆ ಕೂಡಿಸಿ, ಇಂಗು ಹಾಕಿ, ಹಿಡಿತಕ್ಕೆ ಚೂರು ಹತ್ತಿಯ ಎಳೆ ಸೇರಿಸಿ ನಾದಿದರು. ಚೊಂಬಿನ ಮುಂದೆ ಕೂತು ಕಾಫಿ ಕುಡಿದರು. ನೀರು ಕದಡಲಿಲ್ಲ.

ಅಂದು ಸಂಜೆ ಕಾಲುವೆಯಲ್ಲಿ ಅವರ ಗಾಳದ ಬೆಂಡು ಮುಳುಗಿತು. ಸಿಕ್ಕಿದ್ದು ಅಂಗೈಯಗಲದ ಮೀನು. ಪಿನ್ನಿ ಅದನ್ನು ಹುಣಸೆಹುಳಿ ಹಿಂಡಿ ಪುಲುಸು ಮಾಡಿ, ಬಟ್ಟಲಲ್ಲಿ ತಂದುಕೊಟ್ಟರು. ಮಾವನವರು ತಟ್ಟೆಯ ಮುಂದೆ ಕೂತು, "ಒಂದು ಮುದ್ದೆ ಹಾಕವ್ವ, ಹಸಿವಾಯ್ತದೆ," ಎಂದರು. ನಾನು ಒಲೆಯ ಕಡೆ ತಿರುಗಿಕೊಂಡು ಅತ್ತೆ.

ಮಾವನವರು ಆಮೇಲೆ ವರ್ಷಗಟ್ಟಲೆ ಬದುಕಿದರು, ಪಿನ್ನಿಯ ಜೊತೆ ಎರೆಯ ವಿಷಯಕ್ಕೆ ಜಗಳವಾಡಿಕೊಂಡೇ. ಈಗ ಇಬ್ಬರೂ ಇಲ್ಲ. ಪಿನ್ನಿ ಹೋದ ಸುದ್ದಿ ನಾವು ವಿಶಾಖಪಟ್ಟಣಕ್ಕೆ ಬಂದ ಮೇಲೆ ಫೋನಿನಲ್ಲಿ ಬಂತು. ಆ ಮನೆಯನ್ನೂ ಕೆಡವಿದರಂತೆ... ಆಕೆಯ ಒಂದು ಫೋಟೋ ಕೂಡ ನನ್ನ ಹತ್ತಿರ ಇಲ್ಲ.

ನಿವೃತ್ತರಾದ ಮೇಲೆ ನಮ್ಮ ಯಜಮಾನರೂ ಕುರ್ಚಿ ಹಿಡಿದಿದ್ದಾರೆ. ಅಪ್ಪನ ಮಗ. ಮೊನ್ನೆ ಮಾತ್ರ ತಾವಾಗಿ ಎದ್ದು ಮೆಟ್ಟಿಲು ಹತ್ತಿ ಹೋದರು. "ಚೆಲ್ಲಬೇಡಿ, ನನಗೊಂದು ಹಿಡಿ ಬೇಕು," ಅನ್ನುವುದು ಕೇಳಿಸಿತು. ಇಳಿದು ಬಂದು, "ಇಂಗು ಎಲ್ಲಿದೆ? ಪೆಂಡುರ್ತಿ ಕಡೆ ಕೆರೆ ಇದೆಯಲ್ಲ, ಹೋಗೋಣ," ಎಂದರು.

ಹಿಂಡಿಗೆ ರಾಗಿಹಿಟ್ಟು ಸೇರಿಸಿ ಇಬ್ಬರೂ ನಾದಿದೆವು. ಸರಿಯಾಯಿತೋ ಇಲ್ಲವೋ ಹೇಳಲು, ತಪ್ಪಿದರೆ ಹೊಟ್ಟೆ ಹಿಡಿದು ನಗಲು ಪಿನ್ನಿ ಇಲ್ಲ. ಉಂಡೆಯನ್ನು ಚೊಂಬಿಗೆ ಬಿಟ್ಟು ಎದುರುಬದುರು ಕೂತು ಕಾಫಿ ಕುಡಿದೆವು. ಲೋಟ ಕೆಳಗಿಟ್ಟು ಬಗ್ಗಿ ನೋಡಿದೆ. ನೀರು ತಿಳಿಯಾಗಿಯೇ ಇತ್ತು.